ಐಟಿ ಸಪೋರ್ಟ್, ನೆಟ್‌ವರ್ಕಿಂಗ್ ಕಲಿಯಬೇಕಾ? ಫೀಸ್ ಕಟ್ಟೋ ಮುಂಚೆ ಇದನ್ನೊಮ್ಮೆ ಓದ್ರಿ

ಹಾವೇರಿ: ಸಂತೆ ದಿನ ಬೆಳಗ್ಗೆ ಹನ್ನೊಂದಕ್ಕೆ ಅಂಗಡಿಯ ನೆಟ್ ಹೋಯ್ತು ಅಂತ ಇಟ್ಕೊಳ್ರಿ. ಬಿಲ್ಲಿಂಗ್ ಕಂಪ್ಯೂಟರ್ ಗುಂಡಗೆ ತಿರುಗ್ತಾ ನಿಂತಿದೆ, ಫೋನ್‌ಪೇ ಡಬ್ಬಿ ಮಾತಾಡ್ತಿಲ್ಲ, ಗಿರಾಕಿ "ಅಣ್ಣಾರ, ದುಡ್ಡು ಹೋಗೇತಿ ನೋಡ್ರಿ" ಅಂತ ಮೊಬೈಲ್ ತೋರಿಸ್ತಿದ್ದಾರೆ. ಕಂಪನಿಗೆ ಫೋನ್ ಹಚ್ಚಿದರೆ "ನಾಳೆ ಹುಡುಗ ಬರ್ತಾನ" ಅನ್ನೋ ಉತ್ತರ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಟೆಂಡರ್ ಕೂಡ ಈಗ ಕಂಪ್ಯೂಟರಿನಲ್ಲೇ ನಡೆಯುತ್ತೆ. ಸೊಸೈಟಿ, ಬ್ಯಾಂಕ್, ಆಸ್ಪತ್ರೆ, ಶಾಲೆ, ಗ್ರಾಮ ಪಂಚಾಯ್ತಿ ಎಲ್ಲಾ ಕಡೆ ಒಂದು ರೂಟರ್ ಇದೆ. ಅದು ಕೆಟ್ಟಾಗ ನೋಡೋ ಹುಡುಗ ಮಾತ್ರ ಊರಲ್ಲಿ ಸಿಗಲ್ಲ.

ಇನ್ನೊಂದು ಕಡೆ, ಬಸ್ ಸ್ಟ್ಯಾಂಡಿನ ಗೋಡೆ ತುಂಬಾ "ಹಾರ್ಡ್‌ವೇರ್ - ನೆಟ್‌ವರ್ಕಿಂಗ್, 100% ಜಾಬ್ ಗ್ಯಾರಂಟಿ" ಅನ್ನೋ ಪೋಸ್ಟರ್. ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ ಅಥವಾ ಡಿಗ್ರಿ ಅರ್ಧಕ್ಕೆ ಬಿಟ್ಟ ಮಕ್ಕಳ ಅಪ್ಪ-ಅವ್ವಂದಿರು ಅದನ್ನ ನೋಡಿ ಸಾಲ ಮಾಡಿ ಫೀಸ್ ಕಟ್ತಿದ್ದಾರೆ. ಈ ಕೆಲಸ ಅಂದ್ರೆ ಏನು, ಕಡಿಮೆ ಖರ್ಚಿನಲ್ಲಿ ಎಲ್ಲಿ ಕಲಿಯಬಹುದು, ಯಾವ ಸರ್ಟಿಫಿಕೇಟಿಗೆ ಬೆಲೆ ಇದೆ, ಎಲ್ಲಿ ಮೋಸ ಹೋಗ್ತೀವಿ ಅನ್ನೋದನ್ನ ಇಲ್ಲಿ ಒಂದೇ ಕಡೆ ಕೊಟ್ಟಿದ್ದೇವೆ.

ಈ ಕೆಲಸ ಅಂದ್ರೆ ಏನು?

ಐಟಿ ಅಂದ ಕೂಡಲೇ ಎಲ್ಲರೂ ಸಾಫ್ಟ್‌ವೇರ್ ಬರೆಯೋದು ಅಂದ್ಕೊಳ್ತಾರೆ. ಸಪೋರ್ಟ್ ಕೆಲಸ ಅದಲ್ಲ. ಕೋಡಿಂಗ್ ಬರದಿದ್ದರೂ ಇಲ್ಲಿ ಶುರು ಮಾಡಬಹುದು. ಮುಖ್ಯವಾಗಿ ಮೂರು ತರದ ಕೆಲಸ ಇವೆ.

ಒಂದು, ಹೆಲ್ಪ್ ಡೆಸ್ಕ್. ಆಫೀಸಿನವರು ಫೋನ್ ಮಾಡಿ "ಪ್ರಿಂಟ್ ಬರ್ತಿಲ್ಲ, ಪಾಸ್‌ವರ್ಡ್ ಮರೆತೆ" ಅಂದ್ರೆ ಕೂತಲ್ಲಿಂದಲೇ ಸರಿ ಮಾಡಿಕೊಡೋದು. ಕಂಪನಿಗಳಲ್ಲಿ ಇದಕ್ಕೆ ಎಲ್ 1 ಅಂತಾರೆ. ಇಲ್ಲಿ ಬಗೆಹರಿಯದಿದ್ದರೆ ಎಲ್ 2, ಎಲ್ 3 ಅಂತ ಮೇಲಿನವರಿಗೆ ಹೋಗುತ್ತೆ.

ಎರಡು, ಫೀಲ್ಡ್ ಎಂಜಿನಿಯರ್. ಗಾಡಿ ತಗೊಂಡು ಬ್ಯಾಂಕ್, ಶೋರೂಮ್, ಆಸ್ಪತ್ರೆ ಸುತ್ತಿ ಕಂಪ್ಯೂಟರ್, ಪ್ರಿಂಟರ್, ಯುಪಿಎಸ್, ರೂಟರ್ ರಿಪೇರಿ ಮಾಡೋದು. ಹೆಸರು ಎಂಜಿನಿಯರ್ ಅಂತಿದ್ದರೂ ಬಿ.ಇ. ಆಗಿರಬೇಕು ಅಂತೇನಿಲ್ಲ.

ಮೂರು, ನೆಟ್‌ವರ್ಕಿಂಗ್. ಕೇಬಲ್ ಎಳೆಯೋದ್ರಿಂದ ಹಿಡಿದು ಸ್ವಿಚ್, ರೂಟರ್, ವೈಫೈ, ಫೈಬರ್, ಸಿಸಿ ಕ್ಯಾಮೆರಾ ಜೋಡಿಸಿ ಅವು ಒಂದಕ್ಕೊಂದು ಮಾತಾಡೋ ಹಂಗೆ ಮಾಡೋದು. ಇದನ್ನ ಚೆನ್ನಾಗಿ ಕಲಿತವರು ಮುಂದೆ ಸರ್ವರ್, ಕ್ಲೌಡ್, ಸೈಬರ್ ಸೆಕ್ಯುರಿಟಿ ಕಡೆ ಹೋಗಬಹುದು.

ಎಲ್ಲಿ ಕಲಿಯಬಹುದು?

*ಐಟಿಐ:* ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಅಗ್ಗದ ದಾರಿ ಇದೇ. ಎರಡು ಟ್ರೇಡ್ ನೋಡ್ರಿ. ಕೋಪಾ, ಅಂದ್ರೆ ಕಂಪ್ಯೂಟರ್ ಆಪರೇಟರ್ ಅಂಡ್ ಪ್ರೋಗ್ರಾಮಿಂಗ್ ಅಸಿಸ್ಟೆಂಟ್, ಒಂದು ವರ್ಷದ್ದು. ಇನ್ಫರ್ಮೇಶನ್ ಕಮ್ಯುನಿಕೇಶನ್ ಟೆಕ್ನಾಲಜಿ ಸಿಸ್ಟಂ ಮೇಂಟೆನೆನ್ಸ್ ಎರಡು ವರ್ಷದ್ದು. ರಿಪೇರಿ, ನೆಟ್‌ವರ್ಕಿಂಗ್ ಬೇಕು ಅನ್ನೋರಿಗೆ ಎರಡನೆಯದು ಹೆಚ್ಚು ಹತ್ತಿರ. ಎಲ್ಲಾ ಐಟಿಐಯಲ್ಲೂ ಈ ಟ್ರೇಡ್ ಇರಲ್ಲ, ಅರ್ಜಿ ಹಾಕೋ ಮುಂಚೆ ವಿಚಾರಿಸಿ. ಕೊನೆಗೆ ಅಖಿಲ ಭಾರತ ಮಟ್ಟದ ಪರೀಕ್ಷೆ ಇರುತ್ತೆ. ಪಾಸಾದರೆ ಸಿಗೋ ನ್ಯಾಷನಲ್ ಟ್ರೇಡ್ ಸರ್ಟಿಫಿಕೇಟ್ ದೇಶದ ಎಲ್ಲಾ ಕಡೆ ನಡೆಯುತ್ತೆ.

*ಡಿಪ್ಲೊಮಾ:* ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಮೂರು ವರ್ಷ. ಎಸ್ಸೆಸ್ಸೆಲ್ಸಿ ಮೇಲೆ ಸೀಟು. ಎರಡು ವರ್ಷದ ಐಟಿಐ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಆದ ಮೇಲೆ ಬಿ.ಇ.ಗೂ ಇದೇ ತರ ಬಾಗಿಲು ತೆರೆದಿದೆ. ಅಂದ್ರೆ ಐಟಿಐಗೆ ಸೇರಿದರೆ ಓದು ಅಲ್ಲಿಗೇ ಮುಗೀತು ಅನ್ನೋ ಮಾತು ಸುಳ್ಳು.

*ಆರ್‌ಸೆಟಿ, ರುಡ್‌ಸೆಟ್:* ಇವು ಬ್ಯಾಂಕುಗಳು ನಡೆಸೋ ಸ್ವಉದ್ಯೋಗ ತರಬೇತಿ ಕೇಂದ್ರಗಳು. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಮಾದರಿಯೇ ಆಮೇಲೆ ದೇಶದ ತುಂಬಾ ಆರ್‌ಸೆಟಿ ಆಗಿ ಹರಡಿತು. ನಮಗೆ ಹತ್ತಿರ ಧಾರವಾಡದಲ್ಲಿ ರುಡ್‌ಸೆಟ್ ಇದೆ. 18 ವರ್ಷ ದಾಟಿದ ಹಳ್ಳಿ ಹುಡುಗ-ಹುಡುಗಿಯರಿಗೆ ತರಬೇತಿ, ಊಟ, ವಸತಿ ಉಚಿತ. ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕಿಂಗ್, ಮೊಬೈಲ್ ರಿಪೇರಿ, ಸಿಸಿ ಕ್ಯಾಮೆರಾ ಅಳವಡಿಕೆ ತರದ ಸಣ್ಣ ಬ್ಯಾಚ್‌ಗಳು ಆಗಾಗ ನಡೆಯುತ್ತವೆ. ಬ್ಯಾಚ್ ಯಾವಾಗ ಅನ್ನೋದನ್ನ ಲೀಡ್ ಬ್ಯಾಂಕಿನಲ್ಲಿ ಅಥವಾ ಕೇಂದ್ರದಲ್ಲೇ ಕೇಳಬೇಕು. ಮುಗಿದ ಮೇಲೆ ಎರಡು ವರ್ಷ ಸಂಪರ್ಕದಲ್ಲಿದ್ದು, ಬ್ಯಾಂಕ್ ಸಾಲಕ್ಕೂ ದಾರಿ ತೋರಿಸ್ತಾರೆ.

*ನೈಲಿಟ್:* ಕೇಂದ್ರ ಸರ್ಕಾರದ ಸಂಸ್ಥೆ. ಕಂಪ್ಯೂಟರ್ ಮುಟ್ಟೇ ಇಲ್ಲ ಅನ್ನೋರಿಗೆ 80 ಗಂಟೆಯ ಸಿಸಿಸಿ ಕೋರ್ಸ್ ಇದೆ. ಅದರ ಮೇಲೆ 'ಓ' ಲೆವೆಲ್ ಇದೆ.

*ಮನೆಯಲ್ಲೇ ಕೂತು:* ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದರೆ ಶುರುವಿನ ಕೋರ್ಸ್‌ಗಳು ಉಚಿತ. ಜೊತೆಗೆ ಪ್ಯಾಕೆಟ್ ಟ್ರೇಸರ್ ಅನ್ನೋ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತೆ. ಅದರಲ್ಲಿ ಪರದೆ ಮೇಲೇ ರೂಟರ್, ಸ್ವಿಚ್ ಇಟ್ಟು ವೈರ್ ಎಳೆದು ಇಡೀ ಆಫೀಸಿನ ನೆಟ್‌ವರ್ಕ್ ಕಟ್ಟಬಹುದು. ಸಾವಿರಾರು ರೂಪಾಯಿಯ ಸಾಮಾನು ಕೊಳ್ಳೋ ಅಗತ್ಯ ಇಲ್ಲ. ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ ಐಐಟಿ ಮೇಷ್ಟ್ರುಗಳ ಕಂಪ್ಯೂಟರ್ ನೆಟ್‌ವರ್ಕ್ ಪಾಠಗಳು ಉಚಿತ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕು ಅಂದ್ರೆ ಮಾತ್ರ ಫೀಸ್. ಗೂಗಲ್‌ನ ಐಟಿ ಸಪೋರ್ಟ್ ಕೋರ್ಸ್ ಕೋರ್ಸೆರಾದಲ್ಲಿದೆ. ಅದಕ್ಕೆ ದುಡ್ಡು ಕಟ್ಟೋಕಾಗದವರು ಹಣಕಾಸು ನೆರವಿಗೆ ಅಲ್ಲೇ ಅರ್ಜಿ ಹಾಕಬಹುದು. ಇವೆಲ್ಲಾ ಹೆಚ್ಚಾಗಿ ಇಂಗ್ಲಿಷ್‌ನಲ್ಲಿವೆ ಅನ್ನೋದೇ ನಮ್ಮವರಿಗೆ ತೊಂದರೆ. ಆದರೆ ಇಲ್ಲಿ ಬೇಕಾದ ಇಂಗ್ಲಿಷ್ ಸುಮಾರು ಇನ್ನೂರು-ಮುನ್ನೂರು ಶಬ್ದದ್ದು, ಅವೇ ಮತ್ತೆ ಮತ್ತೆ ಬರುತ್ತವೆ. ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ತಾ ಹೋದ್ರೆ ಎರಡು ತಿಂಗಳಲ್ಲಿ ಹಿಡಿತಕ್ಕೆ ಸಿಗುತ್ತೆ.

ಕಂಪನಿಗಳು ಕೇಳೋ ಸರ್ಟಿಫಿಕೇಟ್ ಯಾವುವು?

ಈ ಕ್ಷೇತ್ರದಲ್ಲಿ ಡಿಗ್ರಿ ಜೊತೆಗೆ, ಕೆಲವು ಕಡೆ ಡಿಗ್ರಿ ಬದಲಿಗೂ, ಅಂತರರಾಷ್ಟ್ರೀಯ ಪರೀಕ್ಷೆಗಳಿಗೆ ಬೆಲೆ ಇದೆ.

- ಕಾಂಪ್‌ಟಿಯಾ ಎ ಪ್ಲಸ್: ಸಪೋರ್ಟ್ ಕೆಲಸಕ್ಕೆ. ಕೋರ್ 1, ಕೋರ್ 2 ಅಂತ ಎರಡು ಪರೀಕ್ಷೆ, ತಲಾ 90 ನಿಮಿಷ. ಎರಡಕ್ಕೂ ಬೇರೆ ಬೇರೆ ಫೀಸ್ ಅನ್ನೋದನ್ನ ಮರೀಬ್ಯಾಡ್ರಿ. 2025ರಲ್ಲಿ ಸಿಲಬಸ್ ಬದಲಾಗಿದೆ, ಹಳೇ ಪುಸ್ತಕ ಕೊಳ್ಳಬೇಡಿ.
- ಕಾಂಪ್‌ಟಿಯಾ ನೆಟ್‌ವರ್ಕ್ ಪ್ಲಸ್: ಯಾವುದೇ ಒಂದು ಕಂಪನಿಯ ಸಾಮಾನಿಗೆ ಸೀಮಿತವಾಗದೆ ನೆಟ್‌ವರ್ಕಿಂಗ್ ತಳಪಾಯ ಪರೀಕ್ಷಿಸುತ್ತೆ.
- ಸಿಸ್ಕೋ ಸಿಸಿಎಸ್‌ಟಿ: ಹೊಸಬರಿಗೆ ಇರೋ ಸಣ್ಣ ಪರೀಕ್ಷೆ. ನೆಟ್‌ವರ್ಕಿಂಗ್, ಐಟಿ ಸಪೋರ್ಟ್, ಸೈಬರ್ ಸೆಕ್ಯುರಿಟಿ ಅಂತ ಬೇರೆ ಬೇರೆ ಇವೆ.
- ಸಿಸ್ಕೋ ಸಿಸಿಎನ್‌ಎ: ನಮ್ಮ ಕಡೆ ಹೆಚ್ಚು ಹೆಸರು ಕೇಳೋದು ಇದು. ಪರೀಕ್ಷೆ ಸಂಖ್ಯೆ 200-301, ಅವಧಿ 120 ನಿಮಿಷ, ಫೀಸ್ 300 ಡಾಲರ್ ಮತ್ತು ತೆರಿಗೆ. ಡಿಗ್ರಿ ಇರಬೇಕು ಅನ್ನೋ ನಿಯಮ ಇಲ್ಲ. ಫೇಲಾದರೆ ಐದು ದಿನ ಬಿಟ್ಟು ಮತ್ತೆ ಬರೆಯಬಹುದು, ಆದರೆ ಪೂರಾ ಫೀಸ್ ಮತ್ತೆ ಕಟ್ಟಬೇಕು.

ಎ ಪ್ಲಸ್, ನೆಟ್‌ವರ್ಕ್ ಪ್ಲಸ್, ಸಿಸಿಎನ್‌ಎ ಮೂರೂ ಮೂರು ವರ್ಷಕ್ಕೆ ಮುಗಿಯುತ್ತವೆ, ಆಮೇಲೆ ನವೀಕರಿಸಬೇಕು. ಅದಕ್ಕೇ ಒಂದೇ ಸಲ ಎಲ್ಲಕ್ಕೂ ದುಡ್ಡು ಸುರಿಯೋದು ಬ್ಯಾಡ. ಕೆಲಸಕ್ಕೆ ಅರ್ಜಿ ಹಾಕೋ ಹೊತ್ತಿಗೆ ಒಂದು ಕೈಯಲ್ಲಿದ್ದರೆ ಸಾಕು.

ಇಲ್ಲಿ ಒಂದು ಮುಖ್ಯ ಮಾತು. "ಸಿಸಿಎನ್‌ಎ ಕೋರ್ಸ್ ಮುಗಿಸಿದ್ದಾರೆ" ಅಂತ ಸೆಂಟರ್‌ನವರು ಕೊಡೋ ಕಾಗದ ಬೇರೆ, ಸಿಸ್ಕೋ ಪರೀಕ್ಷೆ ಪಾಸಾದ ಸಿಸಿಎನ್‌ಎ ಬೇರೆ. ಇಂಟರ್‌ವ್ಯೂನಲ್ಲಿ ಕೇಳೋದು ಎರಡನೆಯದು. ಪ್ರಶ್ನೆಪತ್ರಿಕೆ 'ಡಂಪ್' ಕೊಡ್ತೀವಿ ಅನ್ನೋರನ್ನ ದೂರ ಇಡ್ರಿ. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗುತ್ತೆ. ಸಿಕ್ಕಿಬೀಳದಿದ್ದರೂ ಕೆಲಸದ ಮೊದಲ ವಾರದಲ್ಲೇ ಬಣ್ಣ ಬಯಲಾಗುತ್ತೆ.

ಮೊದಲ ಆರು ತಿಂಗಳು ಏನು ಕಲಿಯಬೇಕು?

ಮೊದಲ ಎರಡು ತಿಂಗಳು ಕಂಪ್ಯೂಟರ್ ಬಿಚ್ಚಿ ಜೋಡಿಸೋದು. ರ‍್ಯಾಮ್, ಎಸ್‌ಎಸ್‌ಡಿ ಬದಲಾಯಿಸೋದು, ವಿಂಡೋಸ್ ಹಾಕೋದು, ಡ್ರೈವರ್, ಪ್ರಿಂಟರ್ ಶೇರಿಂಗ್, ಡೇಟಾ ಬ್ಯಾಕಪ್. ಗುಜರಿಗೆ ಹೋಗೋ ಹಳೇ ಸಿಸ್ಟಂ ಒಂದನ್ನ ತಂದು ಅದರ ಮೇಲೆ ಕೈ ಪಳಗಿಸಿ, ಹಾಳಾದರೂ ಚಿಂತೆ ಇಲ್ಲ.

ಮೂರನೇ ತಿಂಗಳು ಕೇಬಲ್. ಕ್ರಿಂಪಿಂಗ್ ಟೂಲ್, ಲ್ಯಾನ್ ಟೆಸ್ಟರ್, ಒಂದು ಹಿಡಿ ಆರ್‌ಜೆ 45 ಕನೆಕ್ಟರ್, ಸ್ವಲ್ಪ ಕ್ಯಾಟ್ 6 ವೈರ್ ಸಾಕು. ಬಣ್ಣದ ಕ್ರಮ ಬಾಯಿಪಾಠ ಆಗಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ಒಂದು ಲ್ಯಾನ್ ಕೇಬಲ್ 100 ಮೀಟರ್ ದಾಟಬಾರದು. ಕರೆಂಟ್ ವೈರ್ ಜೊತೆಗೆ ಒಂದೇ ಪೈಪಿನಲ್ಲಿ ಎಳೆಯಬಾರದು.

ನಾಲ್ಕು, ಐದನೇ ತಿಂಗಳು ಐಪಿ ಅಡ್ರೆಸ್, ಸಬ್‌ನೆಟ್, ಡಿಎಚ್‌ಸಿಪಿ, ಡಿಎನ್‌ಎಸ್, ವೈಫೈ ಚಾನೆಲ್. ಆರನೇ ತಿಂಗಳು ಪ್ಯಾಕೆಟ್ ಟ್ರೇಸರ್‌ನಲ್ಲಿ ಸ್ವಿಚ್, ರೂಟರ್ ಅಭ್ಯಾಸ.

ಕಲಿತದ್ದು ತಲೆಗೆ ಹೋಯ್ತೋ ಇಲ್ವೋ ನೋಡೋಕೆ ಒಂದು ಪರೀಕ್ಷೆ. "ನೆಟ್ ಬರ್ತಿಲ್ಲ" ಅಂದಾಗ ಈ ಕ್ರಮದಲ್ಲಿ ಹೋಗೋಕೆ ಬರಬೇಕು:

1. ರೂಟರ್, ಫೈಬರ್ ಡಬ್ಬಿಯ ಲೈಟ್ ನೋಡು. 'ಲಾಸ್' ಲೈಟ್ ಕೆಂಪಾಗಿದ್ದರೆ ಹೊರಗಿನಿಂದ ಫೈಬರ್ ಸಿಗ್ನಲ್ಲೇ ಬರ್ತಿಲ್ಲ. ವೈರ್ ತುಂಡಾಗಿರಬಹುದು, ಕಂಪನಿಗೇ ಹೇಳಬೇಕು.
2. ಲೈಟ್ ಸರಿ ಇದ್ದರೆ ಕಂಪ್ಯೂಟರಿನ ಐಪಿ ನೋಡು. 169.254 ಅಂತ ಶುರುವಾಗಿದ್ದರೆ ರೂಟರ್‌ನಿಂದ ಅಡ್ರೆಸ್ ಸಿಕ್ಕಿಲ್ಲ. ಕೇಬಲ್ ಅಥವಾ ಡಿಎಚ್‌ಸಿಪಿ ತೊಂದರೆ.
3. ಐಪಿ ಸರಿ ಇದ್ದರೆ ರೂಟರ್‌ಗೆ ಪಿಂಗ್ ಮಾಡು. ಉತ್ತರ ಬರದಿದ್ದರೆ ತೊಂದರೆ ಅಂಗಡಿ ಒಳಗೇ ಇದೆ.
4. ರೂಟರ್ ಉತ್ತರ ಕೊಟ್ಟರೆ 8.8.8.8ಗೆ ಪಿಂಗ್ ಮಾಡು. ಬರದಿದ್ದರೆ ರೂಟರ್‌ನಿಂದ ಆಚೆಗಿನ ಲೈನ್ ತೊಂದರೆ.
5. ಅದೂ ಬಂದು, ವೆಬ್‌ಸೈಟ್ ಹೆಸರು ಹಾಕಿದರೆ ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ ನೋಡು.

ಈ ಐದು ಹೆಜ್ಜೆ ಯಾಕೆ ಇದೇ ಕ್ರಮದಲ್ಲಿವೆ ಅಂತ ಬೇರೆಯವರಿಗೆ ಬಿಡಿಸಿ ಹೇಳೋಕೆ ಬಂದ್ರೆ ನೀವು ಕಲಿತಿದ್ದೀರಿ ಅಂತ ಅರ್ಥ.

ಫೀಸ್ ಕಟ್ಟೋ ಮುಂಚೆ ಕೇಳ್ರಿ

ಈ ವರದಿ ಬರೀತಿರೋ ನಾನೂ ಬಿ.ಕಾಂ. ಅರ್ಧಕ್ಕೆ ಬಿಟ್ಟವನೇ. ಆಮೇಲೆ ಒಂದು ಸೆಂಟರ್‌ಗೆ ಹಾರ್ಡ್‌ವೇರ್-ನೆಟ್‌ವರ್ಕಿಂಗ್ ಅಂತ ಮೂರು ಕಂತಲ್ಲಿ ದುಡ್ಡು ಕಟ್ಟಿ ಸೇರಿದ್ದೆ. ಹನ್ನೆರಡು ಹುಡುಗರಿಗೆ ಇದ್ದದ್ದು ಒಂದೇ ರೂಟರ್, ಅದೂ ಗಾಜಿನ ಬೀರುವಿನಲ್ಲಿ. ಕೋರ್ಸ್ ಮುಗಿಯೋವರೆಗೆ ನಾನು ಕ್ರಿಂಪ್ ಮಾಡಿದ್ದು ಎರಡು ಕೇಬಲ್. ಕೆಲಸ ಕೊಡಿಸ್ತೀವಿ ಅಂದವರು ಬೆಂಗಳೂರಿನ ಒಂದು ಇಂಟರ್‌ವ್ಯೂಗೆ ಕಳಿಸಿದ್ರು. ಅಲ್ಲಿ ನೋಡಿದ್ರೆ ಅದು ಇನ್ಶೂರೆನ್ಸ್ ಮಾರೋ ಕೆಲಸ. ಅವ್ವ ಸಂಘದಲ್ಲಿ ಎತ್ತಿದ ಸಾಲ ತೀರೋಕೆ ಎರಡು ವರ್ಷ ಹಿಡೀತು. ಸರ್ಟಿಫಿಕೇಟ್ ಇನ್ನೂ ಫೈಲಿನಲ್ಲಿದೆ, ಒಬ್ಬರೂ ಕೇಳಿಲ್ಲ. ಅದಕ್ಕೇ ಈ ಪಟ್ಟಿ.

- ಸರ್ಟಿಫಿಕೇಟ್ ಕೊಡೋದು ಯಾರು? ಎನ್‌ಸಿವಿಟಿ, ನೈಲಿಟ್ ಅಥವಾ ಸಿಸ್ಕೋ ತರದ ಹೆಸರಿದ್ದರೆ ಅವರ ಪೋರ್ಟಲ್‌ನಲ್ಲಿ ಈ ಸೆಂಟರ್ ಇದೆಯಾ ಅಂತ ನೀವೇ ನೋಡಿ. ಬರೀ "ಐಎಸ್‌ಒ ಸರ್ಟಿಫೈಡ್" ಅಂದ್ರೆ ಕೋರ್ಸ್‌ಗೆ ಸರ್ಕಾರಿ ಮಾನ್ಯತೆ ಅಂತ ಅರ್ಥ ಅಲ್ಲ.
- ಲ್ಯಾಬ್ ತೋರಿಸ್ರಿ ಅನ್ರಿ. ಒಂದು ಬ್ಯಾಚಿಗೆ ಎಷ್ಟು ಹುಡುಗರು, ಎಷ್ಟು ಸಿಸ್ಟಂ, ಎಷ್ಟು ಸ್ವಿಚ್? ಕ್ಲಾಸ್ ನಡೆಯೋ ಹೊತ್ತಿಗೇ ಹೋಗಿ ನೋಡಿ.
- ಪರೀಕ್ಷೆ ಫೀಸ್ ಕೋರ್ಸ್ ಫೀಸ್‌ನಲ್ಲಿ ಸೇರಿದೆಯಾ, ಬೇರೆಯಾ?
- ಹಿಂದಿನ ಬ್ಯಾಚಿನ ಮೂವರ ಜೊತೆ ಮಾತಾಡೋಕೆ ಕೇಳಿ. ಗೋಡೆ ಮೇಲಿನ ಫೋಟೋ ನೋಡಿ ನಂಬಬೇಡಿ.
- ಮಧ್ಯ ಬಿಟ್ಟರೆ ದುಡ್ಡು ವಾಪಸ್ ಎಷ್ಟು ಅಂತ ಬರೆದು ಕೊಡ್ತಾರಾ? ಪ್ರತಿ ಕಂತಿಗೂ ರಸೀದಿ ತಗೊಳ್ಳಿ.
- ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಯಾರ ಕೈಗೂ ಕೊಡಬೇಡಿ. ಸೆಂಟರ್‌ಗೂ ಬ್ಯಾಡ, ಕೆಲಸ ಕೊಡೋ ಕಂಪನಿಗೂ ಬ್ಯಾಡ.

ಕೋಚಿಂಗ್ ಸೆಂಟರ್‌ಗಳ ಸುಳ್ಳು ಜಾಹೀರಾತು ತಡೆಯೋಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ತಂದಿದೆ. ಕೆಲಸ ಗ್ಯಾರಂಟಿ ಅಂತ ಸುಳ್ಳು ಭರವಸೆ ಕೊಡೋದಕ್ಕೆ ಅದರಲ್ಲಿ ನಿಷೇಧ ಇದೆ. ಮೋಸ ಆಗಿದ್ದರೆ 1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಆಯೋಗದಲ್ಲಿ ಶುಲ್ಕ ಇಲ್ಲ. ಆಗ ಕೈ ಹಿಡಿಯೋದು ರಸೀದಿ ಮತ್ತು ಅವರು ಹಂಚಿದ ಪಾಂಪ್ಲೆಟ್. ಎರಡನ್ನೂ ಎತ್ತಿಡಿ.

ಮೊದಲ ಕೆಲಸ ಎಲ್ಲಿ?

ಇಂಟರ್ನೆಟ್ ಕೊಡೋ ಸ್ಥಳೀಯ ಕೇಬಲ್ ಆಪರೇಟರ್, ಕಂಪ್ಯೂಟರ್ ಮಾರೋ ಅಂಗಡಿ, ಸಿಸಿ ಕ್ಯಾಮೆರಾ ಹಾಕೋರು, ಬ್ಯಾಂಕ್ ಎಟಿಎಂ ನೋಡಿಕೊಳ್ಳೋ ಏಜೆನ್ಸಿ, ಆಸ್ಪತ್ರೆ, ಕಾಲೇಜು ಲ್ಯಾಬ್ ಇವು ನಮ್ಮ ಕಡೆ ಸಿಗೋ ಮೊದಲ ಮೆಟ್ಟಿಲು. ಹುಬ್ಬಳ್ಳಿ, ಬೆಂಗಳೂರು ಆದ್ರೆ ಹೆಲ್ಪ್ ಡೆಸ್ಕ್. ಅಲ್ಲಿ ನೈಟ್ ಶಿಫ್ಟ್ ಇರುತ್ತೆ. ಮೊದಲ ವರ್ಷ ಸಂಬಳ ಸಣ್ಣದು, ರೂಮ್ ಬಾಡಿಗೆ ಕಳೆದ್ರೆ ಕೈಯಲ್ಲಿ ಹೆಚ್ಚೇನೂ ಉಳಿಯಲ್ಲ. ಇದನ್ನ ಮನೆಯವರಿಗೆ ಮುಂಚೆಯೇ ಹೇಳಿಬಿಡಿ. ಎರಡು ವರ್ಷ ಗಟ್ಟಿಯಾಗಿ ಕೆಲಸ ಕಲಿತರೆ ಆಮೇಲೆ ಅನುಭವಕ್ಕೇ ಬೆಲೆ.

ಅಪ್ರೆಂಟಿಸ್ ಆಗಿ ಸೇರೋದು ಒಳ್ಳೆ ದಾರಿ. ಕಲೀತಾನೇ ಸ್ಟೈಪೆಂಡ್ ಸಿಗುತ್ತೆ. 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರೋ ಸಂಸ್ಥೆ ಅಪ್ರೆಂಟಿಸ್ ತಗೊಳ್ಳಲೇಬೇಕು ಅನ್ನೋದು ಕಾನೂನು. ಕೇಂದ್ರದ ಯೋಜನೆಯಲ್ಲಿ ಸ್ಟೈಪೆಂಡಿನ ಶೇ 25, ತಿಂಗಳಿಗೆ ಗರಿಷ್ಠ 1500 ರೂಪಾಯಿ, ಸರ್ಕಾರ ಭರಿಸುತ್ತೆ. ಕೆಲಸ ಹುಡುಕೋಕೆ ಸರ್ಕಾರದ ನ್ಯಾಷನಲ್ ಕರಿಯರ್ ಸರ್ವಿಸ್ ಪೋರ್ಟಲ್‌ನಲ್ಲಿ ನೋಂದಣಿ ಉಚಿತ. ಕೆಲಸ ಕೊಡೋಕೆ ಮುಂಗಡ ದುಡ್ಡು ಕೇಳೋರು ಯಾರೇ ಇರಲಿ, ಅದು ಮೋಸ ಅಂತಲೇ ತಿಳ್ಕೊಳ್ಳಿ.

ಊರಲ್ಲೇ ಸ್ವಂತ ಸರ್ವಿಸ್ ಶುರು ಮಾಡೋರಿಗೆ ಉದ್ಯಮ್ ನೋಂದಣಿ ಉಚಿತ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಾಲಕ್ಕೆ ಅರ್ಜಿ ಹಾಕಬಹುದು. ಟೂಲ್ ಕಿಟ್‌ಗೆ ಅಷ್ಟು ಸಾಕು.

ಅಂಗಡಿಯವರಿಗೆ ನಾಲ್ಕು ಮಾತು

ಒಂದು, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬಿಲ್ಲಿಂಗ್ ಸಿಸ್ಟಂ ಹಳೇದಾಗಿದ್ದರೆ ಗೊತ್ತಿರೋರಿಗೆ ತೋರಿಸಿ, ವಿಂಡೋಸ್ 11 ಹಿಡಿಯುತ್ತಾ ಕೇಳಿ.

ಎರಡು, ಲೆಕ್ಕದ ಡೇಟಾವನ್ನ ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ಹಾಕಿ, ಡಿಸ್ಕ್ ಮನೆಯಲ್ಲಿಡಿ. ಕಂಪ್ಯೂಟರ್ ಪಕ್ಕದಲ್ಲೇ ಇಟ್ಟರೆ ಕಳ್ಳನೋ ಬೆಂಕಿಯೋ ಎರಡನ್ನೂ ಒಟ್ಟಿಗೆ ತಗೊಂಡು ಹೋಗುತ್ತೆ.

ಮೂರು, ರೂಟರ್, ಸಿಸಿ ಕ್ಯಾಮೆರಾ ಜೊತೆ ಬಂದ ಪಾಸ್‌ವರ್ಡ್ ಬದಲಾಯಿಸಿ, ಹೊಸದನ್ನ ನಿಮ್ಮ ಕೈಬರಹದಲ್ಲಿ ಬರೆದಿಡಿ. ಹಾಕಿದ ಹುಡುಗನಿಗೆ ಮಾತ್ರ ಗೊತ್ತಿದ್ದರೆ ಅವನು ಊರು ಬಿಟ್ಟ ದಿನ ನಿಮ್ಮ ಕ್ಯಾಮೆರಾ ನಿಮಗೇ ಸಿಗಲ್ಲ.

ನಾಲ್ಕು, "ಕಂಪನಿಯಿಂದ ಮಾತಾಡ್ತಿದೀನಿ, ಈ ಆ್ಯಪ್ ಹಾಕ್ರಿ, ಕೂತಲ್ಲೇ ಸರಿ ಮಾಡ್ತೀನಿ" ಅಂತ ತಾನಾಗಿ ಫೋನ್ ಬಂದ್ರೆ ಪರದೆ ಹಂಚಿಕೊಳ್ಳಬೇಡಿ. ಖಾತೆಯಿಂದ ದುಡ್ಡು ಹೋದರೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಕಲಿಯೋ ಹುಡುಗ-ಹುಡುಗಿಯರಿಗೆ

ರಿಪೇರಿಗೆ ಬಂದ ಕಂಪ್ಯೂಟರ್‌ನಲ್ಲಿ ಒಬ್ಬರ ಮನೆಯ ಫೋಟೋ, ಅಂಗಡಿಯ ಲೆಕ್ಕ, ಬ್ಯಾಂಕ್ ವಿವರ ಎಲ್ಲಾ ಇರುತ್ತೆ. ಅನುಮತಿ ಇಲ್ಲದೆ ತೆಗೆದು ನೋಡೋದು, ನಕಲು ಮಾಡೋದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಪ್ರಕಾರ ತಪ್ಪು. ಕೆಟ್ಟ ಉದ್ದೇಶದಿಂದ ಮಾಡಿದರೆ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಆಗಬಹುದು. ಕಾನೂನು ಬಿಡಿ, ತಾಲೂಕಿನಲ್ಲಿ ಒಂದು ಸಲ ಹೆಸರು ಕೆಟ್ಟರೆ ಯಾವ ಅಂಗಡಿಯವರೂ ಒಳಗೆ ಬಿಡಲ್ಲ. ಫಾರ್ಮ್ಯಾಟ್ ಮಾಡೋ ಮುಂಚೆ "ಡೇಟಾ ತೆಗೆದಿಟ್ಟೀರೇನ್ರಿ" ಅಂತ ಎರಡು ಸಲ ಕೇಳಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಹೇಳಿ, ಕೇಳಿಕೊಂಡು ಬಂದು ಮಾಡಿ. ಗಿರಾಕಿ ಅದಕ್ಕೆ ಬೇಜಾರು ಮಾಡ್ಕೊಳ್ಳಲ್ಲ.

ಹೆಚ್ಚಾಗಿ ಕೇಳೋ ಪ್ರಶ್ನೆಗಳು

*ಪಿಯುಸಿ ಆರ್ಟ್ಸ್ ಓದಿದವರು ಸೇರಬಹುದಾ?* ಸೇರಬಹುದು. ಐಟಿಐಗೆ ಎಸ್ಸೆಸ್ಸೆಲ್ಸಿ ಸಾಕು, ಸಿಸಿಎನ್‌ಎ, ಎ ಪ್ಲಸ್‌ಗೆ ಯಾವ ವಿಷಯ ಓದಿದ್ರಿ ಅಂತ ಕೇಳಲ್ಲ. ಸಬ್‌ನೆಟ್ ಲೆಕ್ಕಕ್ಕೆ ಬೇಕಾದದ್ದು ಹೈಸ್ಕೂಲ್ ಗಣಿತ.

*ಹೆಣ್ಣುಮಕ್ಕಳಿಗೆ ಆಗುತ್ತಾ?* ಹೆಲ್ಪ್ ಡೆಸ್ಕ್, ಲ್ಯಾಬ್, ಆಸ್ಪತ್ರೆ ಕೆಲಸ ಎಲ್ಲಾ ಆಗುತ್ತೆ. ಫೀಲ್ಡ್ ಕೆಲಸಕ್ಕೂ ಯಾವ ಅಡ್ಡಿ ಇಲ್ಲ. ನೈಟ್ ಶಿಫ್ಟ್ ಇದ್ದರೆ ಮನೆಗೆ ಬಿಡೋ ಗಾಡಿ ಕೊಡ್ತಾರಾ ಅಂತ ಸೇರೋ ಮುಂಚೆ ಕೇಳಿ.

*ಲ್ಯಾಪ್‌ಟಾಪ್ ಬೇಕೇ ಬೇಕಾ?* ಪ್ಯಾಕೆಟ್ ಟ್ರೇಸರ್ ಅಭ್ಯಾಸಕ್ಕೆ ಸೆಕೆಂಡ್ ಹ್ಯಾಂಡ್ ಸಿಸ್ಟಂ ಸಾಕು. ಕೋರ್ಸ್ ಜೊತೆ ಲ್ಯಾಪ್‌ಟಾಪ್ "ಫ್ರೀ" ಅಂದ್ರೆ ಅದರ ದುಡ್ಡು ಫೀಸ್‌ನಲ್ಲೇ ಸೇರಿದೆ ಅಂತ ತಿಳ್ಕೊಳ್ಳಿ.

*ಎಲ್ಲಿಂದ ಶುರು ಮಾಡೋದು?* ದುಡ್ಡು ಕಟ್ಟೋ ಮುಂಚೆ ಒಂದು ತಿಂಗಳು ಉಚಿತ ಪಾಠ ಕೇಳಿ. ಊರಿನ ಕಂಪ್ಯೂಟರ್ ಅಂಗಡಿಗೆ ಹೋಗಿ "ಅಣ್ಣಾ, ಒಂದು ತಿಂಗಳು ಪಗಾರ ಇಲ್ದ ಕೆಲಸ ಕಲೀತೀನಿ" ಅನ್ನಿ. ಧೂಳು ಒರೆಸೋಕೆ ಹೇಳಿದರೂ ಮಾಡಿ. ತಿಂಗಳಾದ ಮೇಲೂ ಆಸಕ್ತಿ ಉಳಿದಿದ್ದರೆ ಆಗ ಫೀಸ್ ಕಟ್ಟೋ ಯೋಚನೆ ಮಾಡಿ. ಉಳಿಯದಿದ್ದರೆ ಹೋಗಿದ್ದು ಒಂದು ತಿಂಗಳು ಮಾತ್ರ, ಅವ್ವನ ಸಂಘದ ಸಾಲ ಅಲ್ಲ.